ಮದರ್‌ಬೋರ್ಡ್ ಫರ್ಮ್‌ವೇರ್ ನವೀಕರಣ ಮತ್ತು ಅದರ ದೋಷಪರಿಹಾರದ ಇತಿಹಾಸ

ಮದರ್‌ಬೋರ್ಡ್ ಫರ್ಮ್‌ವೇರ್ ನವೀಕರಣ: ಗಣಕಯಂತ್ರಕ್ಕೆ ವಿದ್ಯುತ್ತು ಹರಿದೊಡನೆ ಪ್ರೊಸೆಸರು ಮೊತ್ತಮೊದಲು ಓದಿ ನಡೆಸುವ ಆದೇಶಾವಳಿಯನ್ನು, ಅದು ನೆಲೆಸಿರುವ ಚಿಪ್ಪಿನಲ್ಲಿಯೇ ಅಳಿಸಿ ಹೊಸದಾಗಿ ಬರೆಯುವ ಕ್ರಿಯೆ. ಬಳಕೆಯ ಮಾತಿನಲ್ಲಿ ಇದಕ್ಕೆ ಬಯೋಸ್ ಅಪ್‌ಡೇಟ್ ಎಂದೂ ಬಯೋಸ್ ಫ್ಲ್ಯಾಶ್ ಮಾಡುವುದು ಎಂದೂ ಹೆಸರುಂಟು. ಪ್ರೊಸೆಸರನ್ನು ಗುರುತಿಸುವುದು, ಸ್ಮೃತಿಯನ್ನು ಪರೀಕ್ಷಿಸಿ ಹದಗೊಳಿಸುವುದು, ಡಿಸ್ಕನ್ನು ಹುಡುಕಿ ಕಾರ್ಯಾಚರಣ ವ್ಯವಸ್ಥೆಗೆ ಅಧಿಕಾರವನ್ನೊಪ್ಪಿಸುವುದು ಈ ಆದೇಶಾವಳಿಯ ಮುಖ್ಯ ಕಾರ್ಯಗಳು. ತಿದ್ದಬೇಕಾದ ವಸ್ತುವೇ ತಿದ್ದುವ ಯಂತ್ರವನ್ನು ಎಬ್ಬಿಸುವ ವಸ್ತುವೂ ಆಗಿರುವುದರಿಂದ, ಬರವಣಿಗೆ ನಡುವಿನಲ್ಲಿ ನಿಂತರೆ ಯಂತ್ರಕ್ಕೆ ತನ್ನನ್ನು ತಾನೇ ಸರಿಪಡಿಸಿಕೊಳ್ಳುವ ದಾರಿ ಉಳಿಯದು. ಆ ದಾರಿಯನ್ನು ಉಳಿಸಿಕೊಳ್ಳುವುದಕ್ಕಾಗಿ ನಡೆದ ಯತ್ನಗಳ ಪರಂಪರೆಯೇ ಈ ವಿಷಯದ ಇತಿಹಾಸ.

ಆರಂಭದ ಸ್ಥಿತಿ

ಯಂತ್ರದಿಂದ ಯಂತ್ರಕ್ಕೆ ಭಿನ್ನವಾಗುವ ಆದೇಶಗಳನ್ನು ಉಳಿದ ಭಾಗದಿಂದ ಬೇರ್ಪಡಿಸಿ, ಬಯೋಸ್ ಎಂಬ ಪ್ರತ್ಯೇಕ ಪದರವನ್ನು ಕಲ್ಪಿಸಿದವನು 1970ರ ದಶಕದಲ್ಲಿ ಸಿಪಿ/ಎಂ ಎಂಬ ಕಾರ್ಯಾಚರಣ ವ್ಯವಸ್ಥೆಯನ್ನು ರಚಿಸಿದ ಅಮೆರಿಕದ ಗ್ಯಾರಿ ಕಿಲ್ಡಾಲ್. 1981ರ ಆಗಸ್ಟ್ 12ರಂದು ಪ್ರಕಟವಾದ ಐಬಿಎಂ ಪರ್ಸನಲ್ ಕಂಪ್ಯೂಟರಿನಲ್ಲಿ ಈ ಪದರವು 8 ಕಿಲೋಬೈಟುಗಳ ಗಾತ್ರದ್ದಾಗಿ, ಕಾರ್ಖಾನೆಯಲ್ಲಿ ಒಮ್ಮೆ ಬರೆದರೆ ಮತ್ತೆ ಅಳಿಸಲಾಗದ ರಾಮ್ (ROM) ಚಿಪ್ಪಿನಲ್ಲಿ ಅಡಕವಾಗಿತ್ತು. ಹೀಗಿರುವಾಗ ತಿದ್ದುಪಡಿಯೆಂದರೆ ಚಿಪ್ಪನ್ನೇ ಕಿತ್ತು ಬೇರೊಂದನ್ನು ಕೂರಿಸುವುದಲ್ಲದೆ ಅನ್ಯಮಾರ್ಗವಿರಲಿಲ್ಲ. ಮೊದಲ ಯಂತ್ರಗಳ ಬಯೋಸಿಗೆ ಹಾರ್ಡ್ ಡಿಸ್ಕಿನ ಕಾರ್ಡಿನಲ್ಲಿದ್ದ ಸ್ವತಂತ್ರ ಆದೇಶಗಳನ್ನು ಓದುವ ಸಾಮರ್ಥ್ಯವಿಲ್ಲದಿದ್ದುದರಿಂದ, ಅಂಥ ಡಿಸ್ಕನ್ನು ಜೋಡಿಸಬಯಸಿದವರು 1982ರ ಅಕ್ಟೋಬರ್ 27ರ ದಿನಾಂಕವನ್ನು ಹೊತ್ತ ಹೊಸ ಚಿಪ್ಪನ್ನು ತರಿಸಿಕೊಳ್ಳಬೇಕಾಯಿತು. ಹೊಸ ಬಿಡಿಭಾಗವೊಂದನ್ನು ಹಳೆಯ ಫರ್ಮ್‌ವೇರು ಅರಿಯದಿರುವ ಸಮಸ್ಯೆ, ಎಂದರೆ ಇಂದಿಗೂ ಕಂಪ್ಯೂಟರ್ ಜೋಡಿಸುವವರನ್ನು ಕಾಡುವ ಸಮಸ್ಯೆ, ಈ ಕ್ಷೇತ್ರದ ಹುಟ್ಟಿನೊಡನೆಯೇ ಹುಟ್ಟಿತು.

ಐಬಿಎಂ ಬಯೋಸಿಗೆ ಸಮಾನವಾದುದನ್ನು ಸ್ವತಂತ್ರವಾಗಿ ರಚಿಸಿ, 1984ರಿಂದ ಇತರ ತಯಾರಕರಿಗೆ ಪರವಾನಗಿಯ ಮೇಲೆ ಕೊಡತೊಡಗಿದ ಸಂಸ್ಥೆ ಫೀನಿಕ್ಸ್. ಭಾರತೀಯ ಮೂಲದ ಎಸ್. ಶಂಕರ್ ಅವರು 1985ರಲ್ಲಿ ಸಹಸ್ಥಾಪಕರಾಗಿ ಅಮೆರಿಕದಲ್ಲಿ ಆರಂಭಿಸಿದ ಅಮೆರಿಕನ್ ಮೆಗಾಟ್ರೆಂಡ್ಸ್ ಸಂಸ್ಥೆಯೂ, ಅವಾರ್ಡ್ ಎಂಬ ಮತ್ತೊಂದು ಸಂಸ್ಥೆಯೂ ಸೇರಿದ ಮೇಲೆ, ಜಗತ್ತಿನ ಬಹುಪಾಲು ಮದರ್‌ಬೋರ್ಡುಗಳು ಈ ಮೂವರ ಬರವಣಿಗೆಯಿಂದಲೇ ಎಚ್ಚರಗೊಳ್ಳುವಂತಾಯಿತು.

ಅಳಿಸಿ ಬರೆಯುವ ಸ್ಮೃತಿ

ಇಂಟೆಲಿನ ಡೋವ್ ಫ್ರೋಮನ್ 1971ರಲ್ಲಿ ರೂಪಿಸಿದ ಇಪಿರಾಮ್ ಚಿಪ್ಪಿನ ನೆತ್ತಿಯ ಮೇಲೆ ಸ್ಫಟಿಕದ ಕಿಟಕಿಯೊಂದಿದ್ದು, ಅದರ ಮೂಲಕ ಅತಿನೇರಳೆ ಕಿರಣಗಳನ್ನು ಹಾಯಿಸಿದರೆ ಒಳಗಿನ ಬರವಣಿಗೆ ಅಳಿಯುತ್ತಿತ್ತು. ಆದರೆ ಅದಕ್ಕಾಗಿ ಚಿಪ್ಪನ್ನು ಬೋರ್ಡಿನಿಂದ ಹೊರತೆಗೆಯಬೇಕಾಗಿತ್ತು. ಜಪಾನಿನ ತೋಷಿಬಾ ಸಂಸ್ಥೆಯ ಫುಜಿಯೋ ಮಸುಓಕ 1984ರಲ್ಲಿ ಲೋಕದ ಮುಂದಿರಿಸಿದ ಫ್ಲ್ಯಾಶ್ ಸ್ಮೃತಿಯು ಈ ತೊಡಕನ್ನು ನಿವಾರಿಸಿತು. 1990ರ ದಶಕದಲ್ಲಿ ಅದು ಮದರ್‌ಬೋರ್ಡುಗಳನ್ನು ಸೇರಿದ ಬಳಿಕ, ಫ್ಲಾಪಿಯೊಂದರಿಂದ ಸಣ್ಣ ತಂತ್ರಾಂಶವನ್ನು ನಡೆಸಿ ಬಯೋಸನ್ನು ಇದ್ದೆಡೆಯಲ್ಲಿಯೇ ಬದಲಿಸುವುದು ಸಾಧ್ಯವಾಯಿತು. 2000ನೆಯ ಇಸವಿಯ ದಿನಾಂಕವನ್ನು ಹಳೆಯ ಬಯೋಸುಗಳು ತಪ್ಪಾಗಿ ಓದಬಹುದೆಂಬ ಆತಂಕವು ಅನೇಕರನ್ನು ಈ ಕಾರ್ಯಕ್ಕೆ ಪ್ರೇರಿಸಿತು.

ಬರೆಯುವುದು ಸುಲಭವಾದಂತೆ ಕೆಡಿಸುವುದೂ ಸುಲಭವಾಯಿತು. ತೈವಾನಿನ ವಿದ್ಯಾರ್ಥಿಯೊಬ್ಬನು 1998ರಲ್ಲಿ ರಚಿಸಿದ ಸಿಐಎಚ್ ಎಂಬ ವೈರಸು, 1999ರ ಏಪ್ರಿಲ್ 26ರಂದು ಏಷ್ಯಾದ ಅನೇಕ ದೇಶಗಳಲ್ಲಿ ಜಾಗೃತವಾಗಿ ಡಿಸ್ಕಿನ ಮಾಹಿತಿಯನ್ನು ಅಳಿಸಿದುದಲ್ಲದೆ, ತಡೆಯಿಲ್ಲದ ಬೋರ್ಡುಗಳ ಬಯೋಸನ್ನೂ ಹಾಳುಗೆಡವಿತು. ಆಗ ಚಿಪ್ಪುಗಳು ಬಹುಮಟ್ಟಿಗೆ ಸಾಕೆಟ್ಟಿನಲ್ಲಿ ಕುಳಿತಿರುತ್ತಿದ್ದುದರಿಂದ ದುರಸ್ತಿಗಾರರು ಒಂದು ಸಾಹಸದ ಉಪಾಯವನ್ನು ಕಂಡುಕೊಂಡಿದ್ದರು: ಸುಸ್ಥಿತಿಯಲ್ಲಿರುವ ಅದೇ ಮಾದರಿಯ ಬೋರ್ಡನ್ನು ಎಬ್ಬಿಸಿ, ಕರೆಂಟು ಹರಿಯುತ್ತಿರುವಾಗಲೇ ಅದರ ಚಿಪ್ಪನ್ನು ಮೆಲ್ಲನೆ ಕಿತ್ತು, ಆ ಜಾಗದಲ್ಲಿ ಕೆಟ್ಟ ಚಿಪ್ಪನ್ನಿರಿಸಿ ಬರೆಯುವುದು.

ತಯಾರಕರು ಕಂಡುಕೊಂಡ ಪರಿಹಾರಗಳು ಎರಡು ಬಗೆಯವು. ಮೊದಲನೆಯದು, ಚಿಪ್ಪಿನ ಒಂದು ಸಣ್ಣ ಭಾಗವನ್ನು ಸಾಮಾನ್ಯ ನವೀಕರಣದಲ್ಲಿ ಮುಟ್ಟದೆ ಬಿಡುವುದು. ಬೂಟ್ ಬ್ಲಾಕ್ ಎಂಬ ಈ ಭಾಗವು ಉಳಿದ ಬರವಣಿಗೆ ಕೆಟ್ಟಿದ್ದರೂ ಫ್ಲಾಪಿಯನ್ನು ಓದುವಷ್ಟು ಚೈತನ್ಯವನ್ನು ಯಂತ್ರಕ್ಕೆ ನೀಡುತ್ತಿತ್ತು. ಎರಡನೆಯದು, ಬೋರ್ಡಿನ ಮೇಲೆ ಎರಡು ಚಿಪ್ಪುಗಳನ್ನಿರಿಸಿ ಒಂದು ಸೋತರೆ ಮತ್ತೊಂದು ಮುಂದಾಗುವಂತೆ ಮಾಡುವುದು. ಗಿಗಾಬೈಟ್ ಸಂಸ್ಥೆಯ ಡ್ಯುಯಲ್ ಬಯೋಸ್ ಇದಕ್ಕೆ ಪ್ರಸಿದ್ಧ ನಿದರ್ಶನ.

ಯುಇಎಫ್ಐ ಯುಗ

ಇಟಾನಿಯಂ ಪ್ರೊಸೆಸರಿಗಾಗಿ ಇಂಟೆಲ್ 1990ರ ದಶಕದ ಉತ್ತರಾರ್ಧದಲ್ಲಿ ಆರಂಭಿಸಿದ ಹೊಸ ಫರ್ಮ್‌ವೇರ್ ಯೋಜನೆಯು, 2005ರಲ್ಲಿ ಸ್ಥಾಪಿತವಾದ ಯುಇಎಫ್ಐ ವೇದಿಕೆಯ ಆಶ್ರಯದಲ್ಲಿ ಸರ್ವಸಮ್ಮತ ಮಾನಕವಾಗಿ ಬೆಳೆದು, ಮುಂದಿನ ದಶಕದಲ್ಲಿ ಹಳೆಯ ಬಯೋಸಿನ ಸ್ಥಾನವನ್ನು ಆಕ್ರಮಿಸಿತು; ಬಯೋಸ್ ಎಂಬ ಹೆಸರು ಮಾತ್ರ ಜನರ ನಾಲಗೆಯ ಮೇಲೆ ಉಳಿದುಬಂದಿತು. ಫ್ಲಾಪಿ ಮರೆಯಾಗಿ ಪೆನ್‌ಡ್ರೈವ್ ಬಂದಿತು. ಸೆಟಪ್ ಪರದೆಯೊಳಗಿನಿಂದಲೇ ಹೊಸ ಕಡತವನ್ನು ಆರಿಸಿ ಬರೆಯುವ ಸೌಕರ್ಯ ಒದಗಿತು. ಆದರೆ ಆ ಪರದೆ ಕಾಣಬೇಕಾದರೆ ಯಂತ್ರವು ಮೊದಲು ಏಳಬೇಕು. ಹೊಚ್ಚಹೊಸ ಪ್ರೊಸೆಸರನ್ನು ಅಂಗಡಿಯಲ್ಲಿ ಕೆಲಕಾಲ ಕುಳಿತಿದ್ದ ಬೋರ್ಡಿಗೆ ಜೋಡಿಸಿದವನ ಮುಂದೆ ಎಷ್ಟೋ ಸಲ ಆ ಪರದೆ ಮೂಡುವುದೇ ಇಲ್ಲ.

ಎಎಂಡಿ ಸಂಸ್ಥೆಯ ಎಎಂ4 ಸಾಕೆಟ್ಟು ಈ ಸಂಕಟವನ್ನು ಲೋಕವಿದಿತಗೊಳಿಸಿತು. ಒಂದೇ ಸಾಕೆಟ್ಟಿನಲ್ಲಿ ಹಲವು ತಲೆಮಾರಿನ ರೈಜೆನ್ ಪ್ರೊಸೆಸರುಗಳು ಕೂರುವಂತಿದ್ದರೂ ಪ್ರತಿಯೊಂದಕ್ಕೂ ತಕ್ಕ ಫರ್ಮ್‌ವೇರು ಬೇಕಾಗಿದ್ದುದರಿಂದ, 2018ರಲ್ಲಿ ಆ ಸಂಸ್ಥೆಯು ನವೀಕರಣ ಮುಗಿಯುವವರೆಗೆ ಬಳಸಿ ಹಿಂತಿರುಗಿಸುವ ಕರಾರಿನ ಮೇಲೆ ಹಳೆಯ ಪ್ರೊಸೆಸರನ್ನು ಗ್ರಾಹಕರಿಗೆ ಕಡವಾಗಿ ಕಳುಹಿಸಿತು. ಅಷ್ಟು ಪ್ರೊಸೆಸರುಗಳ ವಿವರವನ್ನು ಹಿಡಿಸಲು 16 ಮೆಗಾಬೈಟಿನ ಚಿಪ್ಪು ಸಾಲದೆ ಬಂದಾಗ, 2019ರಲ್ಲಿ ಎಂಎಸ್‌ಐ 32 ಮೆಗಾಬೈಟಿನ ಚಿಪ್ಪಿರುವ ಬೋರ್ಡುಗಳನ್ನು ಹೊರತಂದಿತು. ಪ್ರೊಸೆಸರು, ರ‍್ಯಾಮ್‌ಗಳಾವುವೂ ಇಲ್ಲದೆ, ಪವರ್ ಸಪ್ಲೈಯ ಸ್ಟ್ಯಾಂಡ್‌ಬೈ ವಿದ್ಯುತ್ತಿನಿಂದಷ್ಟೆ ಸಣ್ಣ ನಿಯಂತ್ರಕ ಚಿಪ್ಪೊಂದು ಪೆನ್‌ಡ್ರೈವಿನಿಂದ ಓದಿ ಬರೆಯುವ ವ್ಯವಸ್ಥೆಯೇ ಹೊಸ ಪ್ರೊಸೆಸರಿನೊಡನೆ ಏಳದ ಬೋರ್ಡಿಗೆ ಸಮಂಜಸವಾದ ಪರಿಹಾರವೆನಿಸಿತು. ಏಸಸ್ ಇದನ್ನು ಬಯೋಸ್ ಫ್ಲ್ಯಾಶ್‌ಬ್ಯಾಕ್ ಎಂದೂ, ಗಿಗಾಬೈಟ್ ಕ್ಯೂ-ಫ್ಲ್ಯಾಶ್ ಪ್ಲಸ್ ಎಂದೂ ಕರೆಯುತ್ತವೆ. ಬೂಟ್ ಬ್ಲಾಕಿನಲ್ಲಿ ಮುಟ್ಟದೆ ಉಳಿಸಿದ್ದ ಅಂಶವು ಇಲ್ಲಿ ಪ್ರೊಸೆಸರಿನ ಹಂಗಿಲ್ಲದ ಪ್ರತ್ಯೇಕ ಹಸ್ತವಾಗಿ ವಿಕಾಸಗೊಂಡಿತೆನ್ನಬಹುದು.

ವಿಜಯಪುರ ಜಿಲ್ಲೆಯ ಪರಿಸರದಲ್ಲಿ

ಕರ್ನಾಟಕದಲ್ಲಿ ಬಿಡಿಭಾಗಗಳನ್ನು ಕೊಂಡು ಜೋಡಿಸುವ ಅಸೆಂಬಲ್ಡ್ ಕಂಪ್ಯೂಟರಿನ ಹೆಸರಾಂತ ಪೇಟೆ ಬೆಂಗಳೂರಿನ ಎಸ್.ಪಿ. ರಸ್ತೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಗಳು ಆ ಪೇಟೆಗೆ ಬಹುದೂರದ ತಾಲ್ಲೂಕು ಕೇಂದ್ರಗಳು. ಜಿಲ್ಲಾಕೇಂದ್ರವಾದ ವಿಜಯಪುರವೂ, ಇಂಡಿಯ ಮಟ್ಟಿಗೆ ಗಡಿಯಾಚೆಯ ಸೊಲ್ಲಾಪುರವೂ ಹತ್ತಿರದ ದೊಡ್ಡ ಊರುಗಳು. ಕೈಬರಹದ ಪಹಣಿಯನ್ನು ತೆಗೆದುಹಾಕಿ ರಾಜ್ಯದ ತಾಲ್ಲೂಕು ಕಚೇರಿಗಳಲ್ಲಿ ಕಂಪ್ಯೂಟರಿನ ಪಹಣಿಯನ್ನು ರೂಢಿಗೆ ತಂದ ಭೂಮಿ ಯೋಜನೆಯು ಈ ಶತಮಾನದ ಆದಿಯಲ್ಲಿ ಇಂಥ ಊರುಗಳ ರೈತಾಪಿ ಜನರಿಗೂ ಗಣಕಯಂತ್ರದ ಸಂಪರ್ಕವನ್ನುಂಟುಮಾಡಿತು. 

ತಾಲ್ಲೂಕು ಪಟ್ಟಣದಲ್ಲಿ ಕಂಪ್ಯೂಟರ್ ಜೋಡಿಸುವವನಿಗೆ ಎರಡು ಸಂಗತಿಗಳು ವಿಶೇಷವಾಗಿ ಅನ್ವಯಿಸುತ್ತವೆ. ಬೋರ್ಡನ್ನು ಎಬ್ಬಿಸಲು ಬೇಕಾದ ಹಳೆಯ ಪ್ರೊಸೆಸರು ಪಕ್ಕದ ಅಂಗಡಿಯಲ್ಲಿ ದೊರೆಯುವ ಭರವಸೆಯಿಲ್ಲವಾದುದರಿಂದ ಪ್ರೊಸೆಸರಿಲ್ಲದೆ ಬರೆಯುವ ಗುಂಡಿಯುಳ್ಳ ಬೋರ್ಡನ್ನು ಆರಿಸುವುದು ಮೊದಲನೆಯದು. ಎರಡನೆಯದು ವಿದ್ಯುತ್ತಿಗೆ ಸಂಬಂಧಿಸಿದುದು. ಅವಿಭಜಿತ ಬಸವನ ಬಾಗೇವಾಡಿ ತಾಲ್ಲೂಕಿನ ಆಲಮಟ್ಟಿಯಲ್ಲಿ 290 ಮೆಗಾವಾಟಿನ ಜಲವಿದ್ಯುತ್ ಕೇಂದ್ರವೂ, ಕೂಡಗಿಯಲ್ಲಿ ಎನ್‌ಟಿಪಿಸಿಯ 2400 ಮೆಗಾವಾಟಿನ ಉಷ್ಣವಿದ್ಯುತ್ ಸ್ಥಾವರವೂ ಇದ್ದರೂ, ಮನೆಯ ಗೋಡೆಯ ಪ್ಲಗ್ಗಿನಲ್ಲಿ ಕರೆಂಟು ನಿಲ್ಲದಿರುವುದು ಉತ್ಪಾದನೆಯನ್ನಲ್ಲ, ವಿತರಣೆಯ ತಂತಿಯನ್ನು ಅವಲಂಬಿಸಿದೆ. ಬೇಸಗೆಯ ಕೊನೆಯ ಗಾಳಿಮಳೆಗೆ ತಂತಿ ಕಡಿದರೆ ಅರ್ಧ ಬರೆದ ಚಿಪ್ಪು ಅರ್ಧಕ್ಕೇ ಉಳಿಯುತ್ತದೆ. ಬರವಣಿಗೆಗೆ ಹಿಡಿಯುವುದು ಕೆಲವೇ ನಿಮಿಷಗಳಾದುದರಿಂದ, ಬ್ಯಾಟರಿ ಸುಸ್ಥಿತಿಯಲ್ಲಿರುವ ಸಾಧಾರಣ ಯುಪಿಎಸ್ ಕೂಡ ಸಾಕಾಗುತ್ತದೆ.

ದೋಷಗಳ ಸ್ವರೂಪ

ನವೀಕರಣ ಕೆಟ್ಟಿತೆಂದು ಭಾವಿಸಲಾಗುವ ಸಂದರ್ಭಗಳಲ್ಲಿ ಅನೇಕವು ನಿಜವಾಗಿ ಕೆಟ್ಟವಲ್ಲ. ಪ್ರೊಸೆಸರಿಲ್ಲದೆ ಗುಂಡಿಯೊತ್ತಿ ಬರೆಯುವಾಗ ಪೆನ್‌ಡ್ರೈವು ಫ್ಯಾಟ್32 ವಿನ್ಯಾಸದಲ್ಲಿ ಇಲ್ಲದಿದ್ದರೆ, ಕಡತಕ್ಕೆ ತಯಾರಕರು ವಿಧಿಸಿದ ಹೆಸರನ್ನು ಇಟ್ಟಿಲ್ಲದಿದ್ದರೆ, ಅಥವಾ ಹಿಂಬದಿಯಲ್ಲಿ ಗುರುತು ಮಾಡಿದ ಯುಎಸ್‌ಬಿ ಕಿಂಡಿಯನ್ನು ಬಿಟ್ಟು ಬೇರೊಂದಕ್ಕೆ ಚುಚ್ಚಿದ್ದರೆ, ಸೂಚಕದೀಪವು ಕ್ಷಣಕಾಲ ಮಿನುಗಿ ಸುಮ್ಮನಾಗುತ್ತದೆ. ಇಲ್ಲಿ ಬರವಣಿಗೆ ಆರಂಭವೇ ಆಗಿರುವುದಿಲ್ಲ. ಬರವಣಿಗೆ ಮುಗಿದ ಮೇಲೆ ಮೊದಲ ಬಾರಿ ಎದ್ದಾಗ ಡಿಡಿಆರ್5 ರ‍್ಯಾಮ್ ಅನ್ನು ಹದಗೊಳಿಸುವ ಕ್ರಿಯೆಗೆ ಹಲವು ನಿಮಿಷಗಳು ಹಿಡಿಯುವುದುಂಟು. ಕಪ್ಪು ಪರದೆಯನ್ನು ಕಂಡು ಬೆದರಿ ಸ್ವಿಚ್ಚನ್ನು ಆರಿಸಿದರೆ ಆ ಕ್ರಿಯೆ ಮತ್ತೆ ಮೊದಲಿನಿಂದ ಆರಂಭವಾಗಬೇಕಾಗುತ್ತದೆ. ಹಳೆಯ ಹೊಂದಾಣಿಕೆಗಳು ಹೊಸ ಆವೃತ್ತಿಗೆ ಒಗ್ಗದಿದ್ದಲ್ಲಿ, ಪ್ಲಗ್ಗನ್ನು ಕಿತ್ತು, ಸಿಆರ್2032 ಸೆಲ್ಲನ್ನು ಕೆಲಕಾಲ ತೆಗೆದಿಟ್ಟೋ ಜಂಪರಿನ ಎರಡು ಕಡ್ಡಿಗಳನ್ನು ಕೂಡಿಸಿಯೋ ಆ ಹೊಂದಾಣಿಕೆಗಳನ್ನು ಕಾಯುವ ಸಿಮಾಸ್ ಸ್ಮೃತಿಯನ್ನು ಅಳಿಸುವುದು ರೂಢಿಯ ಚಿಕಿತ್ಸೆ.

ನವೀಕರಣದಿಂದ ಹೊಂದಾಣಿಕೆಗಳು ಮೂಲಸ್ಥಿತಿಗೆ ಮರಳಿದಾಗ ಹಳೆಯ ಪದ್ಧತಿಯಲ್ಲಿ ವಿಭಾಗಿಸಿದ ಡಿಸ್ಕು ಕಾಣದೆ ಹೋಗಬಹುದು. ಫರ್ಮ್‌ವೇರಿನೊಳಗಿನ ಟಿಪಿಎಂ ಎಂಬ ಕೀಲಿಭಂಡಾರ ಬರಿದಾದರೆ ಬಿಟ್‌ಲಾಕರಿನಿಂದ ಗೂಢಲಿಪೀಕರಿಸಿದ ವಿಂಡೋಸ್ ತನ್ನ ಪುನಃಪ್ರಾಪ್ತಿ ಕೀಲಿಯನ್ನು ಕೇಳುತ್ತದೆ. ಆದುದರಿಂದ ಆ ಕೀಲಿಯನ್ನು ಮುಂಚಿತವಾಗಿ ಬರೆದಿಟ್ಟುಕೊಳ್ಳುವುದು ಅವಶ್ಯ. ಬರವಣಿಗೆಯೇ ನಿಜವಾಗಿ ಹಾಳಾಗಿ, ಬೋರ್ಡಿನ ಯಾವ ರಕ್ಷಣೋಪಾಯವೂ ಫಲಿಸದಿದ್ದರೆ, ಸಿಎಚ್341ಎ ಎಂಬ ಅಗ್ಗದ ಪ್ರೋಗ್ರಾಮರಿನ ಕ್ಲಿಪ್ಪನ್ನು ಎಂಟು ಕಾಲಿನ ಚಿಪ್ಪಿಗೆ ಕಚ್ಚಿಸಿ ಬೇರೊಂದು ಕಂಪ್ಯೂಟರಿನಿಂದ ಬರೆಯುವುದೇ ಕೊನೆಯ ಮಾರ್ಗ. ಚಿಪ್ಪು 3.3 ವೋಲ್ಟಿನದೋ 1.8 ವೋಲ್ಟಿನದೋ ಎಂಬುದನ್ನು ಮೊದಲು ಓದಿ ತಿಳಿಯದಿದ್ದರೆ ಈ ಮಾರ್ಗವೂ ಚಿಪ್ಪನ್ನು ಸುಡಬಲ್ಲುದು.

ವರ್ತಮಾನ

ನಡೆಯುತ್ತಿರುವ ಯಂತ್ರದ ಬಯೋಸನ್ನು ಮುಟ್ಟಬಾರದೆಂಬ ದುರಸ್ತಿಗಾರರ ಹಳೆಯ ನಿಯಮವು 2018ರ ಜನವರಿಯಲ್ಲಿ ಸ್ಪೆಕ್ಟರ್, ಮೆಲ್ಟ್‌ಡೌನ್ ಎಂಬ ದೌರ್ಬಲ್ಯಗಳು ಬಹಿರಂಗವಾದಂದಿನಿಂದ ಶಿಥಿಲವಾಗಿದೆ. ಪ್ರೊಸೆಸರಿನ ಮೈಕ್ರೋಕೋಡ್ ತಿದ್ದುಪಡಿಗಳು ಬಯೋಸಿನ ಮೂಲಕವೂ ತಲಪಬೇಕಾದುದೇ ಇದಕ್ಕೆ ಕಾರಣ. 2023ರಲ್ಲಿ ಕೆಲವು ರೈಜೆನ್ 7000 ಪ್ರೊಸೆಸರುಗಳು ಅತಿಯಾದ ವೋಲ್ಟೇಜಿನಿಂದ ಸುಟ್ಟಾಗಲೂ, 2024ರಲ್ಲಿ ಇಂಟೆಲಿನ 13 ಹಾಗೂ 14ನೆಯ ತಲೆಮಾರಿನ ಪ್ರೊಸೆಸರುಗಳು ಕ್ರಮೇಣ ಅಸ್ಥಿರಗೊಂಡಾಗಲೂ ತಯಾರಕರು ನೀಡಿದ ಪರಿಹಾರವು ಹೊಸ ಫರ್ಮ್‌ವೇರೇ ಆಗಿದ್ದಿತು. ಈಗಾಗಲೇ ಹಾನಿಗೊಂಡ ಪ್ರೊಸೆಸರನ್ನು ಅದು ಸರಿಪಡಿಸಲಾರದಾದುದರಿಂದ, ನವೀಕರಣವನ್ನು ಮುಂದೂಡುವುದೇ ಅಲ್ಲಿ ಹೆಚ್ಚಿನ ಅಪಾಯವೆನಿಸಿತು. ಇತ್ತ ತಯಾರಕರ ಅಂಕಿತಮುದ್ರೆಯಿಲ್ಲದ ಕಡತವನ್ನು ಆಧುನಿಕ ಬೋರ್ಡುಗಳು ಸಾಮಾನ್ಯವಾಗಿ ಸ್ವೀಕರಿಸುವುದಿಲ್ಲ. ಕೆಲವು ಬೋರ್ಡುಗಳು ಒಮ್ಮೆ ಮುಂದಿನ ಆವೃತ್ತಿಗೆ ಹೋದ ಮೇಲೆ ಹಿಂದಿನದಕ್ಕೆ ಮರಳಲೂ ಬಿಡುವುದಿಲ್ಲ. ಕೆಟ್ಟ ಬರವಣಿಗೆಯಿಂದ ಯಂತ್ರವನ್ನು ಉಳಿಸುವ ಸಾಧನಗಳು ಹೆಚ್ಚಿರುವಾಗಲೇ, ಯಾವ ಬರವಣಿಗೆಯನ್ನು ಇಟ್ಟುಕೊಳ್ಳಬೇಕೆಂಬ ಆಯ್ಕೆಯು ಯಂತ್ರವನ್ನು ಜೋಡಿಸಿದವನ ಕೈಯಿಂದ ತಯಾರಕನ ಕೈಗೆ ಕ್ರಮೇಣ ಸರಿಯುತ್ತಿದೆ.