ಕಸ್ಟಮ್ ಮ್ಯಾಪ್

ವಿಡಿಯೊ ಆಟವೊಂದನ್ನು ತಯಾರಿಸಿದ ಸಂಸ್ಥೆಯಲ್ಲದೆ, ಅದನ್ನು ಆಡುವವರೇ ರೂಪಿಸಿ ಇತರ ಆಟಗಾರರಿಗೆ ಹಂಚುವ ಆಟದ ಕಣಕ್ಕೆ ಕಸ್ಟಮ್ ಮ್ಯಾಪ್ ಎಂದು ಹೆಸರು. ಮ್ಯಾಪ್ ಎಂಬ ಪದ ಇಲ್ಲಿ ದಾರಿ ತೋರಿಸುವ ನಕ್ಷೆಯನ್ನಲ್ಲ, ಗೋಡೆ, ಮೆಟ್ಟಿಲು, ಕಣಿವೆ, ಸೇತುವೆಗಳಿಂದ ಕೂಡಿದ, ಆಟವು ನಡೆಯುವ ಸ್ಥಳವನ್ನೇ ಸೂಚಿಸುತ್ತದೆ. ಇಂಥ ಕಣ ತನ್ನಷ್ಟಕ್ಕೆ ತಾನೇ ನಡೆಯುವ ಆಟವಲ್ಲ. ಚಿತ್ರ, ಧ್ವನಿ, ಚಲನೆಯ ನಿಯಮ ಇವೆಲ್ಲಕ್ಕೂ ಅದು ಮೂಲ ಆಟವನ್ನೇ ನೆಚ್ಚಿಕೊಂಡಿರುತ್ತದೆ. ಕಸ್ಟಮ್ ಮ್ಯಾಪ್‌ಗಳ ರಚನೆ ಸಾಮಾನ್ಯ ಆಟಗಾರನ ಕೈಗೆಟುಕಿದ್ದಕ್ಕೂ, ಅವುಗಳ ಒಡೆತನ, ಸುರಕ್ಷತೆ ಮತ್ತು ಉಳಿವಿನ ಸುತ್ತ ಎದ್ದಿರುವ ವಿವಾದಗಳಿಗೂ ಈ ಅವಲಂಬನೆಯೇ ಮೂಲ.

ಪರಿಭಾಷೆ

ಕಸ್ಟಮ್ ಮ್ಯಾಪ್‌ಗೆ ಸಮೀಪದ ಇನ್ನೊಂದು ಪದ ಮಾಡ್. ಆಟದ ನಿಯಮ, ಆಯುಧ, ಪಾತ್ರ ಮೊದಲಾದವುಗಳನ್ನು ಬದಲಿಸುವ ಮಾರ್ಪಾಡನ್ನು ಮಾಡ್ ಎಂದೂ, ನಿಯಮಗಳನ್ನು ಹಾಗೆಯೇ ಉಳಿಸಿಕೊಂಡು ಸ್ಥಳವನ್ನು ಮಾತ್ರ ಹೊಸದಾಗಿ ಕಟ್ಟಿದ್ದನ್ನು ಮ್ಯಾಪ್ ಎಂದೂ ಸ್ಥೂಲವಾಗಿ ವಿಂಗಡಿಸಬಹುದು. ಆದರೆ ಈ ಗೆರೆ ಎಲ್ಲ ಆಟಗಳಲ್ಲೂ ಸ್ಪಷ್ಟವಾಗಿಲ್ಲ. ಸ್ಟಾರ್‌ಕ್ರಾಫ್ಟ್ ಮತ್ತು ವಾರ್‌ಕ್ರಾಫ್ಟ್ 3 ಆಟಗಳ ಮ್ಯಾಪ್ ಫೈಲಿನೊಳಗೆ ಟ್ರಿಗರ್‌ಗಳನ್ನು, ಅಂದರೆ ಇಂಥದ್ದು ನಡೆದರೆ ಇಂಥದ್ದು ಆಗಲಿ ಎಂಬ ಸೂಚನೆಗಳನ್ನು, ಸೇರಿಸಲು ಅವಕಾಶವಿದ್ದುದರಿಂದ, ಒಂದು ಮ್ಯಾಪ್ ಮೂಲ ಆಟಕ್ಕೆ ಹೋಲಿಕೆಯೇ ಇಲ್ಲದ ಬೇರೊಂದು ಆಟವಾಗಿ ಬೆಳೆಯುವುದು ಸಾಧ್ಯವಾಯಿತು.

ರಚನೆಯ ವಿಧಾನ

ಆಟದ ತಂತ್ರಾಂಶದಲ್ಲಿ ಎರಡು ಭಾಗಗಳನ್ನು ಗುರುತಿಸಬಹುದು. ಚಿತ್ರವನ್ನು ಪರದೆಯ ಮೇಲೆ ಮೂಡಿಸುವ, ಡಿಕ್ಕಿ ಮತ್ತು ಚಲನೆಗಳನ್ನು ಲೆಕ್ಕಹಾಕುವ, ಆಟಗಾರರ ಕಂಪ್ಯೂಟರುಗಳ ನಡುವೆ ಮಾಹಿತಿ ಸಾಗಿಸುವ ಭಾಗ ಎಂಜಿನ್. ಎಲ್ಲಿ ಗೋಡೆ ಇದೆ, ಎಲ್ಲಿ ಬಾಗಿಲು ಇದೆ, ಆಟಗಾರ ಎಲ್ಲಿಂದ ಹೊರಡುತ್ತಾನೆ ಎಂಬುದನ್ನು ಹೇಳುವ ಭಾಗ ದತ್ತಾಂಶ. ಮ್ಯಾಪ್ ಎರಡನೆಯ ಭಾಗಕ್ಕೆ ಸೇರಿದ್ದು. ದತ್ತಾಂಶವು ಎಂಜಿನ್‌ನಿಂದ ಬೇರೆಯಾದ ಫೈಲಿನಲ್ಲಿದ್ದರೆ, ಮೂಲ ಪ್ರೋಗ್ರಾಮನ್ನು ಮುಟ್ಟದೆಯೇ ಹೊಸ ಕಣವನ್ನು ಅದಕ್ಕೆ ಒದಗಿಸಬಹುದು.

ಇಂಥ ಫೈಲನ್ನು ಸಿದ್ಧಪಡಿಸುವ ಸಾಧನವೇ ಎಡಿಟರ್. ಎಡಿಟರ್‌ಗಳಲ್ಲಿ ಮೂರು ಮಾದರಿಗಳಿವೆ. ಮೊದಲನೆಯದರಲ್ಲಿ ನೆಲಕ್ಕೆ ಹೆಂಚು ಹಾಸಿದಂತೆ ಸಿದ್ಧ ಚೌಕಗಳನ್ನು ಜೋಡಿಸಲಾಗುತ್ತದೆ. ಮೇಲಿನಿಂದ ನೋಡುತ್ತ ಸೈನ್ಯ ನಡೆಸುವ ಆಟಗಳಲ್ಲಿ ಇದು ರೂಢಿ. ಎರಡನೆಯದರಲ್ಲಿ ಘನಾಕೃತಿಗಳನ್ನು ಕೂಡಿಸಿ ಕಳೆದು ಕೋಣೆಗಳನ್ನು ಕಟ್ಟಿ, ಬಳಿಕ ಕಂಪೈಲ್ ಮಾಡಲಾಗುತ್ತದೆ, ಅಂದರೆ ಎಂಜಿನ್ ಓದಬಲ್ಲ ರೂಪಕ್ಕೆ ತರಲಾಗುತ್ತದೆ. ಕ್ವೇಕ್ ಮತ್ತು ಅದರ ಎಂಜಿನ್‌ನಿಂದ ಬೆಳೆದ ಆಟಗಳಲ್ಲಿ ಈ ಹಂತದಲ್ಲಿ ಯಾವ ಜಾಗದಿಂದ ಯಾವ ಜಾಗ ಕಾಣುತ್ತದೆ, ಬೆಳಕು ಎಲ್ಲೆಲ್ಲಿ ಬೀಳುತ್ತದೆ ಎಂಬುದನ್ನು ಮೊದಲೇ ಲೆಕ್ಕಹಾಕಿಟ್ಟುಕೊಳ್ಳುವುದರಿಂದ, ಆಟ ನಡೆಯುವಾಗ ಕಣ್ಣಿಗೆ ಬೀಳದ ಕೋಣೆಗಳನ್ನು ಚಿತ್ರಿಸುವ ಶ್ರಮ ಕಂಪ್ಯೂಟರಿಗೆ ತಪ್ಪುತ್ತದೆ. ಮೂರನೆಯ ಮಾದರಿಯಲ್ಲಿ ಬೇರೆ ಎಡಿಟರ್ ಇಲ್ಲದೆ ಆಟದೊಳಗೇ ಕಟ್ಟುವ ಸೌಲಭ್ಯವಿರುತ್ತದೆ; 2007ರ ಹೇಲೊ 3 ಆಟದ ಫೋರ್ಜ್ ವಿಭಾಗ ಇದಕ್ಕೆ ಉದಾಹರಣೆ.

ಹಲವರು ಒಟ್ಟಿಗೆ ಆಡುವ ಆಟದಲ್ಲಿ ಇನ್ನೊಂದು ನಿರ್ಬಂಧವೂ ಇದೆ. ಒಬ್ಬನ ಪರದೆಯಲ್ಲಿ ಗೋಡೆ ಇರುವಲ್ಲಿ ಇನ್ನೊಬ್ಬನಿಗೆ ಬಯಲು ಕಂಡರೆ ಆಟವೇ ಅರ್ಥಹೀನವಾಗುವುದರಿಂದ, ಎಲ್ಲರ ಬಳಿಯೂ ಮ್ಯಾಪ್‌ನ ಒಂದೇ ಆವೃತ್ತಿ ಇರಬೇಕಾಗುತ್ತದೆ. ಇದಕ್ಕಾಗಿ ಫೈಲಿನ ಅಂಶಗಳಿಂದ ಲೆಕ್ಕಹಾಕಿ ಪಡೆದ ಒಂದು ಸಂಖ್ಯೆಯನ್ನು ಹೋಲಿಸಿ ನೋಡುವ ಪದ್ಧತಿ ಬಳಕೆಗೆ ಬಂತು.

ಇತಿಹಾಸ

ಆಟಗಾರರಿಗೆ ಎಡಿಟರ್ ಕೊಡುವ ಪದ್ಧತಿ ಅಂತರ್ಜಾಲಕ್ಕಿಂತ ಹಳೆಯದು. ಅಮೆರಿಕದ ಬ್ರೋಡರ್‌ಬಂಡ್ ಸಂಸ್ಥೆ 1983ರಲ್ಲಿ ಹೊರತಂದ, ಡಗ್ಲಸ್ ಸ್ಮಿತ್ ರಚಿಸಿದ ಲೋಡ್ ರನ್ನರ್ ಆಟದಲ್ಲಿ 150 ಹಂತಗಳ ಜೊತೆಗೆ ಹೊಸ ಹಂತಗಳನ್ನು ಕಟ್ಟುವ ಎಡಿಟರ್ ಕೂಡ ಇತ್ತು. ಆದರೆ ಕಟ್ಟಿದ್ದನ್ನು ಫ್ಲಾಪಿ ಡಿಸ್ಕ್‌ಗಳ ಮೂಲಕ ಹಂಚಬೇಕಾಗಿದ್ದರಿಂದ ಅದರ ವ್ಯಾಪ್ತಿ ಕಿರಿದಾಗಿತ್ತು.

ಇದಕ್ಕೆ ತಿರುವು ದೊರೆತದ್ದು 1993ರ ಡಿಸೆಂಬರ್‌ನಲ್ಲಿ ಐಡಿ ಸಾಫ್ಟ್‌ವೇರ್ ಬಿಡುಗಡೆ ಮಾಡಿದ ಡೂಮ್ ಆಟದಿಂದ. ಅದರ ಪ್ರಧಾನ ಪ್ರೋಗ್ರಾಮರ್ ಜಾನ್ ಕಾರ್ಮ್ಯಾಕ್ ಕಣಗಳನ್ನೂ ಚಿತ್ರಗಳನ್ನೂ ವ್ಯಾಡ್ ಎಂಬ ಪ್ರತ್ಯೇಕ ಫೈಲಿನಲ್ಲಿ ಇರಿಸಿದ್ದಲ್ಲದೆ, ಆಟಗಾರನು ತನ್ನದೇ ಚಿಕ್ಕ ವ್ಯಾಡ್ ಫೈಲನ್ನು ಕೊಟ್ಟರೆ ಎಂಜಿನ್ ಮೂಲ ಕಣದ ಬದಲು ಅದನ್ನೇ ತೆಗೆದುಕೊಳ್ಳುವಂತೆ ವ್ಯವಸ್ಥೆ ಮಾಡಿದರು. ಸಂಸ್ಥೆ ತಾನಾಗಿ ಎಡಿಟರ್ ಕೊಡದಿದ್ದರೂ, 1994ರ ಜನವರಿಯಲ್ಲೇ ನ್ಯೂಜಿಲೆಂಡಿನ ಬ್ರೆಂಡನ್ ವೈಬರ್ ಮುಂದಾಳತ್ವದಲ್ಲಿ ಹವ್ಯಾಸಿಗಳು ಡಿಇಯು ಎಂಬ ಎಡಿಟರನ್ನು ಹೊರತಂದರು. ಉಚಿತವಾಗಿ ಹಂಚಿದ ಮಾದರಿ ಆವೃತ್ತಿಯಲ್ಲಿ ಈ ಹೊಸ ಕಣಗಳು ನಡೆಯದಿರಲಿ, ಹಣ ಕೊಟ್ಟು ಪಡೆದ ಆವೃತ್ತಿಯಲ್ಲಿ ಮಾತ್ರ ನಡೆಯಲಿ ಎಂಬುದು ಸಂಸ್ಥೆಯ ಅಪೇಕ್ಷೆಯಾಗಿತ್ತು. ಹವ್ಯಾಸಿಗಳ ಪ್ರತಿ ಕಣವೂ ಮೂಲ ಆಟವನ್ನು ಕೊಳ್ಳಲು ಒಂದು ಕಾರಣವಾಗುತ್ತದೆ ಎಂಬ ವ್ಯಾಪಾರಿ ತರ್ಕ ಇಲ್ಲಿಂದಲೇ ನೆಲೆಗೊಂಡಿತು.

1996ರ ಕ್ವೇಕ್ ಮತ್ತು 1998ರ ಹಾಫ್-ಲೈಫ್ ಆಟಗಳು ಈ ಪರಂಪರೆಯನ್ನು ಮೂರು ಆಯಾಮದ ಕಣಗಳಿಗೂ ಅಂತರ್ಜಾಲದ ಸರ್ವರ್‌ಗಳಿಗೂ ವಿಸ್ತರಿಸಿದವು. ಹಾಫ್-ಲೈಫ್‌ನ ಮೇಲೆ ಮಿನ್ ಲೆ ಮತ್ತು ಜೆಸ್ ಕ್ಲಿಫ್ ಕಟ್ಟಿದ ಕೌಂಟರ್-ಸ್ಟ್ರೈಕ್ 1999ರಲ್ಲಿ ಮಾಡ್ ಆಗಿ ಆರಂಭವಾಗಿ, 2000ದಲ್ಲಿ ವಾಲ್ವ್ ಸಂಸ್ಥೆಯ ಮಾರಾಟದ ಆಟವಾಯಿತು. ಇದಕ್ಕೆ ಬ್ರಿಟನ್ನಿನ ಡೇವಿಡ್ ಜಾನ್‌ಸ್ಟನ್ ರಚಿಸಿದ ಡಸ್ಟ್ ಮತ್ತು 2001ರ ಡಸ್ಟ್ 2 ಜಗತ್ತಿನಲ್ಲೇ ಅತಿ ಹೆಚ್ಚು ಆಡಲ್ಪಟ್ಟ ಕಣಗಳ ಸಾಲಿಗೆ ಸೇರಿದವು. ಮನೆಮನೆಗೆ ಬ್ರಾಡ್‌ಬ್ಯಾಂಡ್ ಬರುವ ಮೊದಲು ಬೆಂಗಳೂರು ಸೇರಿದಂತೆ ಭಾರತದ ನಗರಗಳ ಸೈಬರ್ ಕೆಫೆಗಳಲ್ಲಿ ಸ್ಥಳೀಯ ಜಾಲದ ಮೂಲಕ ಈ ಆಟವನ್ನು ಆಡಿದವರಿಗೂ ಇವು ಪರಿಚಿತ.

ಇದೇ ಅವಧಿಯಲ್ಲಿ ಬ್ಲಿಝಾರ್ಡ್ ಸಂಸ್ಥೆಯ ಯುದ್ಧತಂತ್ರದ ಆಟಗಳಲ್ಲಿ ಇನ್ನೊಂದು ಧಾರೆ ಬೆಳೆಯಿತು. 1998ರ ಸ್ಟಾರ್‌ಕ್ರಾಫ್ಟ್‌ನೊಂದಿಗೆ ಬಂದ ಸ್ಟಾರ್‌ಎಡಿಟ್‌ನಿಂದ ರೂಪುಗೊಂಡ ಏಯಾನ್ ಆಫ್ ಸ್ಟ್ರೈಫ್ ಎಂಬ ಮ್ಯಾಪ್‌ನಲ್ಲಿ, ಸೈನ್ಯದ ಬದಲು ಒಬ್ಬ ವೀರನನ್ನು ನಡೆಸುತ್ತ ನಿಗದಿತ ದಾರಿಗಳಲ್ಲಿ ತಾನಾಗಿ ಬರುವ ಶತ್ರುಪಡೆಯನ್ನು ಎದುರಿಸುವ ಕಲ್ಪನೆ ಇತ್ತು. 2002ರ ವಾರ್‌ಕ್ರಾಫ್ಟ್ 3 ಇನ್ನಷ್ಟು ಶಕ್ತಿಯುತವಾದ ವರ್ಲ್ಡ್ ಎಡಿಟರ್ ಒದಗಿಸಿದಾಗ, ಯೂಲ್ ಎಂಬ ಅಡ್ಡಹೆಸರಿನ ರಚನೆಕಾರನು ಅದೇ ಕಲ್ಪನೆಯಿಂದ 2003ರಲ್ಲಿ ಡಿಫೆನ್ಸ್ ಆಫ್ ದಿ ಏನ್ಷೆಂಟ್ಸ್, ಸಂಕ್ಷೇಪವಾಗಿ ಡೋಟಾ, ಮ್ಯಾಪನ್ನು ರಚಿಸಿದನು. ಒಬ್ಬನು ಬಿಟ್ಟಲ್ಲಿಂದ ಇನ್ನೊಬ್ಬನು ಮುಂದುವರಿಸುವ ಪದ್ಧತಿಯಲ್ಲಿ ಸ್ಟೀವ್ ಫೀಕ್, ಬಳಿಕ ಐಸ್‌ಫ್ರಾಗ್ ಎಂಬ ಹೆಸರಿನ ರಚನೆಕಾರ ಅದನ್ನು ತಿದ್ದಿ ಬೆಳೆಸಿದರು. 2009ರ ಲೀಗ್ ಆಫ್ ಲೆಜೆಂಡ್ಸ್ ಮತ್ತು 2013ರ ಡೋಟಾ 2 ಈ ಒಂದು ಮ್ಯಾಪ್‌ನ ಸಂತತಿ. ಡೋಟಾ 2 ಆಟಕ್ಕೆ ಡ್ರೋಡೋ ಎಂಬ ಚೀನೀ ತಂಡ 2019ರ ಜನವರಿಯಲ್ಲಿ ರಚಿಸಿದ ಡೋಟಾ ಆಟೋ ಚೆಸ್ ಕೂಡ ಅದೇ ರೀತಿ ಒಂದು ಹೊಸ ಆಟದ ಪ್ರಕಾರಕ್ಕೆ ಜನ್ಮ ನೀಡಿತು.

ಉತ್ತಮ ಕಣದ ಲಕ್ಷಣಗಳು

ಅಂದವಾದ ಮ್ಯಾಪ್ ಆಡಲು ಯೋಗ್ಯವಾಗಿಯೇ ಇರಬೇಕೆಂದಿಲ್ಲ. ಎರಡು ಪಕ್ಷಗಳಿರುವ ಕಣದಲ್ಲಿ ಮುಖ್ಯವಾದದ್ದು ದೂರ ಮತ್ತು ಕಾಲದ ಲೆಕ್ಕ: ದಾಳಿ ಮಾಡುವವರೂ ಕಾಯುವವರೂ ಒಂದು ಆಯಕಟ್ಟಿನ ಜಾಗಕ್ಕೆ ಎಷ್ಟು ಸೆಕೆಂಡುಗಳ ಅಂತರದಲ್ಲಿ ತಲುಪುತ್ತಾರೆ ಎಂಬುದರ ಮೇಲೆ ಸಮತೋಲ ನಿಂತಿರುತ್ತದೆ. ಡಸ್ಟ್ 2ರಲ್ಲಿ ಬಾಂಬ್ ಇಡಬಹುದಾದ ಎರಡು ತಾಣಗಳಿದ್ದು, ಅವುಗಳಿಗೆ ಹೋಗುವ ಉದ್ದನೆಯ ಹೊರದಾರಿ, ನಡುದಾರಿ ಮತ್ತು ಸುರಂಗಗಳು ಮಧ್ಯದಲ್ಲಿ ಹೆಣೆದುಕೊಂಡು ಒಟ್ಟು ಆಕಾರ ಇಂಗ್ಲಿಷ್ ಅಂಕಿ ಎಂಟನ್ನು ಹೋಲುತ್ತದೆ. ಆದ್ದರಿಂದ ಕಾಯುವವರು ಒಂದು ತಾಣದಿಂದ ಇನ್ನೊಂದಕ್ಕೆ ಬೇಗ ಸರಿಯಬಹುದಾದರೂ, ಎರಡನ್ನೂ ಸಮಬಲದಿಂದ ಕಾಯಲಾರರು. ಯುದ್ಧತಂತ್ರದ ಆಟಗಳಲ್ಲಿ ಇದೇ ಸಮತೋಲವನ್ನು ಸಾಮಾನ್ಯವಾಗಿ ಸಮಮಿತಿಯಿಂದ, ಅಂದರೆ ಎರಡೂ ಕಡೆಗೆ ಕನ್ನಡಿಯಲ್ಲಿ ಕಂಡಂತೆ ಒಂದೇ ಬಗೆಯ ನೆಲವನ್ನು ಕೊಡುವುದರಿಂದ, ಸಾಧಿಸಲಾಗುತ್ತದೆ.

ಆಡಿ ಮುಗಿಸಲಾಗದ ಕಣಗಳನ್ನು ತಡೆಯಲು ನಿಂಟೆಂಡೊ ಸಂಸ್ಥೆ 2015ರ ಸೂಪರ್ ಮಾರಿಯೊ ಮೇಕರ್‌ನಲ್ಲಿ ಸರಳವಾದ ನಿಯಮವೊಂದನ್ನು ತಂದಿತು: ರಚಿಸಿದವನು ತಾನೇ ಒಮ್ಮೆ ಆಡಿ ಗೆದ್ದು ತೋರಿಸದ ಹೊರತು ಆ ಹಂತ ಸರ್ವರ್‌ಗೆ ಏರುತ್ತಿರಲಿಲ್ಲ. ನಿಯಮವು ಅಸಾಧ್ಯವನ್ನು ತಡೆಯಿತೇ ಹೊರತು ಅತಿಕಠಿಣವನ್ನು ತಡೆಯಲಿಲ್ಲ.

ಹಂಚಿಕೆ

ಡೂಮ್ ಕಾಲದ ಮ್ಯಾಪ್‌ಗಳು ವಿಶ್ವವಿದ್ಯಾಲಯಗಳ ಫೈಲ್ ಸಂಗ್ರಹಗಳಿಂದಲೂ ಸಿ.ಡಿ.ಗಳಿಂದಲೂ ಹರಡಿದವು. ವಾರ್‌ಕ್ರಾಫ್ಟ್ 3ರಲ್ಲಿ ಆಟ ಶುರುವಾಗುವ ಮುನ್ನ ಕಾಯುವ ಕೋಣೆಗೆ ಬಂದವರ ಬಳಿ ಮ್ಯಾಪ್ ಇಲ್ಲದಿದ್ದರೆ, ಆಟ ಏರ್ಪಡಿಸಿದವನ ಕಂಪ್ಯೂಟರಿನಿಂದಲೇ ಅದು ಇಳಿಯುತ್ತಿತ್ತು. ಹೀಗೆ ಒಳ್ಳೆಯ ಮ್ಯಾಪ್ ಕೈಯಿಂದ ಕೈಗೆ ದಾಟುತ್ತ ತಾನಾಗಿ ಹರಡಿತು. 2010ರ ಸ್ಟಾರ್‌ಕ್ರಾಫ್ಟ್ 2ರಲ್ಲಿ ಈ ಪದ್ಧತಿ ಬದಲಾಗಿ, ಮ್ಯಾಪ್‌ಗಳನ್ನು ಸಂಸ್ಥೆಯ ಸರ್ವರ್‌ನಲ್ಲೇ ಪ್ರಕಟಿಸಬೇಕಾಯಿತು. ಆರಂಭದಲ್ಲಿ ಅಲ್ಲಿ ಹೆಚ್ಚು ಆಡಿದ ಮ್ಯಾಪ್‌ಗಳೇ ಪಟ್ಟಿಯ ಮೇಲ್ತುದಿಯಲ್ಲಿ ಕಾಣುತ್ತಿದ್ದುದರಿಂದ ಅವೇ ಇನ್ನಷ್ಟು ಆಡಲ್ಪಟ್ಟು, ಹೊಸಬರ ರಚನೆಗಳು ತಳದಲ್ಲೇ ಉಳಿಯುತ್ತವೆ ಎಂಬ ಆಕ್ಷೇಪ ಬಂತು.

ವಾಲ್ವ್ 2011ರಲ್ಲಿ ಆರಂಭಿಸಿದ ಸ್ಟೀಮ್ ವರ್ಕ್‌ಶಾಪ್‌ನಲ್ಲಿ ಚಂದಾದಾರನಾದ ಆಟಗಾರನ ಕಂಪ್ಯೂಟರಿಗೆ ಮ್ಯಾಪ್‌ನ ಪರಿಷ್ಕೃತ ಆವೃತ್ತಿಗಳು ತಾವಾಗಿ ಬರುವ ವ್ಯವಸ್ಥೆ ಇದೆ. 2018ರ ಡಿಸೆಂಬರ್‌ನಲ್ಲಿ ಬಂದ ಫೋರ್ಟ್‌ನೈಟ್ ಕ್ರಿಯೇಟಿವ್‌ನಲ್ಲಿ ಪ್ರತಿ ಕಣಕ್ಕೂ ಹನ್ನೆರಡು ಅಂಕಿಗಳ ಸಂಕೇತವಿದ್ದು, ಅದನ್ನು ನಮೂದಿಸಿದವರು ನೇರವಾಗಿ ಅಲ್ಲಿಗೆ ಹೋಗಬಹುದು. ಪಬ್ಜಿ ಮೊಬೈಲ್ ಮತ್ತು ಅದರ ಭಾರತೀಯ ರೂಪವಾದ ಬಿಜಿಎಂಐನ ವರ್ಲ್ಡ್ ಆಫ್ ವಂಡರ್ ವಿಭಾಗದಿಂದಾಗಿ ಕಣ ಕಟ್ಟುವ ಕೆಲಸ ಮೊಬೈಲ್ ಫೋನಿಗೂ ಬಂದಿದೆ.

ಒಡೆತನ

ಆಟಗಾರನು ಕಟ್ಟಿದ ಮ್ಯಾಪ್ ಯಾರದು ಎಂಬ ಪ್ರಶ್ನೆ ಅಮೆರಿಕದ ನ್ಯಾಯಾಲಯಕ್ಕೆ ಬೇಗನೆ ಬಂತು. 1996ರ ಡ್ಯೂಕ್ ನ್ಯೂಕೆಮ್ 3ಡಿ ಆಟಕ್ಕೆ ಆಟಗಾರರು ರಚಿಸಿದ 300 ಮ್ಯಾಪ್‌ಗಳನ್ನು ಮೈಕ್ರೊ ಸ್ಟಾರ್ ಎಂಬ ಕಂಪನಿ ಸಿ.ಡಿ.ಯಲ್ಲಿ ತುಂಬಿ ಮಾರಿದಾಗ, ಆಟದ ಹಕ್ಕುದಾರ ಸಂಸ್ಥೆಯಾದ ಫಾರ್ಮ್‌ಜೆನ್ ಅದನ್ನು ಎದುರಿಸಿತು. ಮ್ಯಾಪ್ ಫೈಲಿನಲ್ಲಿ ಆಟದ ಚಿತ್ರಗಳೇನೂ ಇಲ್ಲ, ಯಾವ ಚಿತ್ರ ಎಲ್ಲಿರಬೇಕೆಂಬ ಸೂಚನೆ ಮಾತ್ರ ಇದೆ ಎಂಬ ವಾದವನ್ನು ಒಂಬತ್ತನೆಯ ವಲಯದ ಮೇಲ್ಮನವಿ ನ್ಯಾಯಾಲಯ 1998ರಲ್ಲಿ ಒಪ್ಪಲಿಲ್ಲ. ಆ ಸೂಚನೆಗಳು ಡ್ಯೂಕ್ ನ್ಯೂಕೆಮ್‌ನ ಕಥೆಯನ್ನೇ ಮುಂದುವರಿಸುವುದರಿಂದ, ಅವು ಮೂಲ ಕೃತಿಯಿಂದ ಹುಟ್ಟಿದ ಉತ್ತರಭಾಗಗಳಂತೆ ಹಕ್ಕುದಾರನ ಅಧಿಕಾರಕ್ಕೆ ಒಳಪಡುತ್ತವೆ ಎಂಬುದು ತೀರ್ಪಿನ ಸಾರ. ಆಟಗಾರರು ಮ್ಯಾಪ್‌ಗಳನ್ನು ಉಚಿತವಾಗಿ ಮಾತ್ರ ಹಂಚಬೇಕೆಂಬ ಷರತ್ತು ಆಟದ ಪರವಾನಗಿಯಲ್ಲೇ ಇತ್ತು.

ಡೋಟಾ ಪ್ರಕರಣದಲ್ಲಿ ಫಲ ಇದಕ್ಕೆ ವಿರುದ್ಧವಾಗಿತ್ತು. ಬ್ಲಿಝಾರ್ಡ್‌ನ ಎಡಿಟರಿನಿಂದ ಹುಟ್ಟಿದ ಹೆಸರನ್ನು ವಾಲ್ವ್ ತನ್ನ ವ್ಯಾಪಾರಮುದ್ರೆಯಾಗಿ ನೋಂದಾಯಿಸಲು ಹೊರಟಾಗ ಉಂಟಾದ ವಿವಾದ 2012ರ ಮೇ ತಿಂಗಳಲ್ಲಿ ರಾಜಿಯಲ್ಲಿ ಮುಗಿದು, ಡೋಟಾ ಎಂಬ ಹೆಸರಿನ ವಾಣಿಜ್ಯ ಬಳಕೆ ವಾಲ್ವ್‌ಗೆ ಉಳಿಯಿತು. 2020ರ ಜನವರಿಯಲ್ಲಿ ವಾರ್‌ಕ್ರಾಫ್ಟ್ 3ರ ನವೀಕೃತ ರೂಪವನ್ನು ಹೊರತರುವಾಗ, ಆಟಗಾರರು ರಚಿಸುವ ಎಲ್ಲ ಕಸ್ಟಮ್ ಆಟಗಳೂ ತನ್ನ ಸ್ವತ್ತು ಎಂಬ ನಿಬಂಧನೆಯನ್ನು ಬ್ಲಿಝಾರ್ಡ್ ಸೇರಿಸಿತು. ಅದು ರಚನೆಕಾರರ ಟೀಕೆಗೆ ಗುರಿಯಾಯಿತು.

ಆದಾಯ

ರಚನೆಕಾರರಿಗೆ ಹಣ ಸಿಗುವ ಮಾರ್ಗಗಳು ನಿಧಾನವಾಗಿ ತೆರೆದವು. ಹವ್ಯಾಸಿಗಳ ತಂಡವೊಂದು ಉಚಿತವಾಗಿ ಬಿಡುಗಡೆ ಮಾಡಬೇಕೆಂದಿದ್ದ ಡೂಮ್ ಕಣಗಳ ಸಮೂಹವನ್ನು ಐಡಿ ಸಂಸ್ಥೆಯೇ ಕೊಂಡು, 1996ರ ಫೈನಲ್ ಡೂಮ್‌ನಲ್ಲಿ ಪ್ರಕಟಿಸಿದ್ದು ಮೊದಲ ಉದಾಹರಣೆಗಳಲ್ಲಿ ಒಂದು. ವಾಲ್ವ್ 2013ರಲ್ಲಿ ಕೌಂಟರ್-ಸ್ಟ್ರೈಕ್‌ಗಾಗಿ ಆಯ್ದ ಸಮುದಾಯದ ಮ್ಯಾಪ್‌ಗಳನ್ನು ಆಪರೇಷನ್ ಪೇಬ್ಯಾಕ್ ಎಂಬ ಹೆಸರಿನಲ್ಲಿ ಮಾರಿ, ಬಂದ ಹಣದಲ್ಲಿ ಪಾಲನ್ನು ಅವುಗಳ ರಚನೆಕಾರರಿಗೆ ಕೊಟ್ಟಿತು. 2006ರಲ್ಲಿ ಆರಂಭವಾದ ರೋಬ್ಲಾಕ್ಸ್ ಎಂಬ ಆಟಗಳ ವೇದಿಕೆಯಲ್ಲಿ ಆಟಗಾರರ ರಚನೆಗಳೇ ಒಟ್ಟು ಸರಕಾಗಿದ್ದು, ಅವುಗಳಿಂದ ರಚನೆಕಾರರೂ ಗಳಿಸಬಹುದು. ಎಪಿಕ್ ಗೇಮ್ಸ್ 2023ರ ಮಾರ್ಚ್‌ನಲ್ಲಿ ಫೋರ್ಟ್‌ನೈಟ್‌ನ ನಿವ್ವಳ ಆದಾಯದ ಶೇ. 40ರಷ್ಟನ್ನು, ಆಟಗಾರರನ್ನು ಹಿಡಿದಿಡುವ ಶಕ್ತಿಗೆ ಅನುಗುಣವಾಗಿ ಕಣಗಳ ರಚನೆಕಾರರಿಗೆ ಹಂಚುವ ಯೋಜನೆ ಪ್ರಕಟಿಸಿತು. ಅದರಲ್ಲಿ ಸಂಸ್ಥೆಯ ಸ್ವಂತ ಕಣಗಳಿಗೂ ಪಾಲಿದೆ.

ಸುರಕ್ಷತೆ ಮತ್ತು ಉಳಿವು

ಅಪರಿಚಿತರಿಂದ ಬಂದ ಫೈಲನ್ನು ಎಂಜಿನ್ ಓದುವುದರಲ್ಲಿ ಅಪಾಯವೂ ಅಡಗಿದೆ. ಸ್ಟಾರ್‌ಕ್ರಾಫ್ಟ್‌ನಲ್ಲಿ ಸತ್ತ ಸೈನಿಕರ ಸಂಖ್ಯೆಯನ್ನು ಎಣಿಸುವ ಟ್ರಿಗರ್‌ಗೆ ಮಿತಿ ಮೀರಿದ ಅಂಕಿಯನ್ನು ಕೊಟ್ಟು, ಆಟದ ಸ್ಮೃತಿಯ ಬೇರೆ ಭಾಗಗಳನ್ನು ಓದುವ ಮತ್ತು ತಿದ್ದುವ ಇಯುಡಿ ಎಂಬ ತಂತ್ರವನ್ನು ರಚನೆಕಾರರು ಕಂಡುಕೊಂಡರು. ಅದು ಅದ್ಭುತವಾದ ಮ್ಯಾಪ್‌ಗಳಿಗೂ ದುರುಪಯೋಗಕ್ಕೂ ಸಮಾನವಾಗಿ ದಾರಿಯಾಗಿದ್ದರಿಂದ ಬ್ಲಿಝಾರ್ಡ್ ಮೊದಲು ಅದನ್ನು ಮುಚ್ಚಿ, ವರ್ಷಗಳ ಬಳಿಕ ಅಪಾಯವಿಲ್ಲದ ಅನುಕರಣೆಯಾಗಿ ಮರಳಿ ಒದಗಿಸಿತು. ಕಣಕ್ಕೆ ಸಿಗುವ ಸ್ವಾತಂತ್ರ್ಯ ರಾಜಕೀಯ ಉದ್ದೇಶಕ್ಕೂ ಬಳಕೆಯಾಗಿದೆ: ರಿಪೋರ್ಟರ್ಸ್ ವಿದೌಟ್ ಬಾರ್ಡರ್ಸ್ ಸಂಸ್ಥೆ 2020ರ ಮಾರ್ಚ್‌ನಲ್ಲಿ ಮೈನ್‌ಕ್ರಾಫ್ಟ್‌ನಲ್ಲಿ ತೆರೆದ ಗ್ರಂಥಾಲಯವೊಂದರಲ್ಲಿ, ಹಲವು ದೇಶಗಳಲ್ಲಿ ನಿರ್ಬಂಧಕ್ಕೊಳಗಾದ ಪತ್ರಿಕಾ ಬರಹಗಳನ್ನು ಆಟದೊಳಗಿನ ಪುಸ್ತಕಗಳಾಗಿ ಇರಿಸಲಾಯಿತು.

ಮ್ಯಾಪ್‌ನ ಆಯುಷ್ಯ ಅದನ್ನು ಹೊತ್ತ ಆಟದ ಆಯುಷ್ಯಕ್ಕೆ ಕಟ್ಟುಬಿದ್ದಿದೆ. ನಿಂಟೆಂಡೊದ ವೀ ಯು ಆಟಯಂತ್ರಕ್ಕೆ ಬಂದ ಸೂಪರ್ ಮಾರಿಯೊ ಮೇಕರ್‌ಗೆ ಹೊಸ ಹಂತಗಳನ್ನು ಏರಿಸುವುದು 2021ರ ಮಾರ್ಚ್‌ನಲ್ಲಿ ನಿಂತು, 2024ರ ಏಪ್ರಿಲ್ 8ರಂದು ಆನ್‌ಲೈನ್ ಸೇವೆಯೇ ಮುಚ್ಚಿತು. ಅದಕ್ಕೆ ಮುನ್ನ ಯಾರೂ ಗೆಲ್ಲದೆ ಉಳಿದಿದ್ದ ಹಂತಗಳನ್ನೆಲ್ಲ ಒಂದೊಂದಾಗಿ ಗೆದ್ದು ಮುಗಿಸಲು ಆಟಗಾರರು ಒಗ್ಗೂಡಿದರು. ಕೊನೆಗೆ ಉಳಿದಿದ್ದ ಟ್ರಿಮಿಂಗ್ ದಿ ಹರ್ಬ್ಸ್ ಎಂಬ ಹಂತವನ್ನು ಯಾಂತ್ರಿಕ ನೆರವಿನಿಂದ ಗೆದ್ದು ಏರಿಸಿದ್ದಾಗಿ ಅದರ ರಚನೆಕಾರನೇ ಒಪ್ಪಿಕೊಂಡನು. ಇದಕ್ಕೆ ಪ್ರತಿಯಾಗಿ, 1997ರಲ್ಲಿ ಮೂಲ ಸಂಕೇತವನ್ನು ಸಾರ್ವಜನಿಕಗೊಳಿಸಿದ ಡೂಮ್‌ನ ಎಂಜಿನ್ ಹೊಸ ಹೊಸ ಕಂಪ್ಯೂಟರುಗಳಿಗೆ ಹೊಂದಿಕೊಳ್ಳುತ್ತ ಬಂದಿರುವುದರಿಂದ, 1994ರಲ್ಲಿ ಹವ್ಯಾಸಿಗಳು ಕಟ್ಟಿದ ಕಣಗಳನ್ನು ಇಂದಿಗೂ ಆಡಬಹುದು, ಅದೇ ಆಟಕ್ಕೆ ಹೊಸ ಕಣಗಳೂ ಈಗಲೂ ಹುಟ್ಟುತ್ತಿವೆ.