ಬಗಲ ಕೂಸು, ಕಾಗದಪತ್ರದ ಚೀಲ

ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಭಾಗದ ಜನರ ಬಾಯಲ್ಲಿ ಅಂಗವಿಕಲರ ಮಾಸಾಶನ ಎಂದರೆ ‘ಪಗಾರ’. ಪಗಾರಕ್ಕೆ ಮೊದಲು ಸರ್ಟಿಫಿಕೇಟ್ ಬೇಕು, ಸರ್ಟಿಫಿಕೇಟಿಗೆ ಬಹುಕಾಲ ಜಿಲ್ಲಾ ಆಸ್ಪತ್ರೆಯೇ ಗತಿ. ಮುದ್ದೇಬಿಹಾಳದಿಂದ ವಿಜಯಪುರಕ್ಕೆ ಸುಮಾರು 80 ಕಿ.ಮೀ. ನಡೆಯಲಾಗದ ಹತ್ತು ವರ್ಷದ ಮಗನನ್ನು ಬಗಲಲ್ಲಿ ಎತ್ತಿಕೊಂಡು, ರೇಷನ್ ಕಾರ್ಡು, ಫೋಟೊ ತುಂಬಿದ ಪ್ಲಾಸ್ಟಿಕ್ ಚೀಲವನ್ನು ಇನ್ನೊಂದು ಕೈಯಲ್ಲಿ ಹಿಡಿದು ಬಸ್ ಹತ್ತುವ ತಾಯಿಗೆ ಅಂದಿನ ಕೂಲಿಯೂ ಹೋಯಿತು. ಸರಕಾರದ ನೆರವಿನ ಚರಿತ್ರೆಯನ್ನು ಈ ದಾರಿಯಲ್ಲೇ ಅಳೆಯಬೇಕು.

ಕರ್ನಾಟಕದಲ್ಲಿ ಅಂಗವಿಕಲರ ಕಲ್ಯಾಣಕ್ಕೆ ಪ್ರತ್ಯೇಕ ನಿರ್ದೇಶನಾಲಯ ಆದದ್ದು 1988ರಲ್ಲಿ. ಕೇಂದ್ರದ 1995ರ ಅಂಗವಿಕಲರ ಕಾಯ್ದೆ ಏಳು ಬಗೆಯ ಅಂಗವಿಕಲತೆಯನ್ನು ಗುರುತಿಸಿತು, ಕನಿಷ್ಠ ಶೇ. 40ರ ಮಿತಿ ಹಾಕಿತು. 18 ವರ್ಷದವರೆಗೆ ಉಚಿತ ಶಿಕ್ಷಣ ಎಂದಿತು. ಆದರೆ ಶಾಲೆಗೆ ಕರೆದೊಯ್ಯುವವರು ಯಾರು?

ಉತ್ತರ ತಡವಾಗಿ ಬಂತು. 1990ರ ದಶಕದ ಕೊನೆಗೆ ಜಿಲ್ಲಾ ಪ್ರಾಥಮಿಕ ಶಿಕ್ಷಣ ಕಾರ್ಯಕ್ರಮ (ಡಿಪಿಇಪಿ) ಎರಡನೆಯ ಹಂತದಲ್ಲಿ ಬಿಜಾಪುರಕ್ಕೂ (ಇಂದಿನ ವಿಜಯಪುರ) ಕಾಲಿಟ್ಟಿತು, ನಂತರ ಸರ್ವ ಶಿಕ್ಷಾ ಅಭಿಯಾನ. ತಾಲ್ಲೂಕಿಗೊಬ್ಬ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತ, ಪಂಚಾಯಿತಿಗೊಬ್ಬ ಗ್ರಾಮೀಣ ಕಾರ್ಯಕರ್ತ ಎಂಬ ವ್ಯವಸ್ಥೆಯೂ ಆಯಿತು. ತೀವ್ರ ಅಂಗವಿಕಲ ಮಗುವಿಗೆ ಮನೆಯಲ್ಲೇ ಕಲಿಯುವ ಹಕ್ಕು ಸಿಕ್ಕಿದ್ದು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿಯಿಂದ. ಈ ಇಡೀ ಕಥೆಯಲ್ಲಿ ದೊಡ್ಡ ತಿರುವು ಇದೇ: ಇಷ್ಟು ವರ್ಷ ಕೂಸನ್ನು ಹೊತ್ತು ತಿರುಗಿದ ಮನೆಗೆ ಮೇಷ್ಟರೇ ಬಂದರು. ಪಡಸಾಲೆಯಲ್ಲಿ ಚಾಪೆ ಹಾಸಿ, ಜೋಳದ ಕಾಳು ಎಣಿಸುವುದು, ಅಂಗಿಯ ಗುಂಡಿ ಹಾಕುವುದು, ತಾನೇ ತುತ್ತು ಎತ್ತುವುದು, ಇವೇ ಪಾಠ. ಪಕ್ಕದಲ್ಲಿ ಕೂತ ಅವ್ವನೂ ಕಲಿಯುತ್ತಾಳೆ. ಮೇಷ್ಟರು ಬಾರದ ದಿನ ಕಲಿಸುವವಳು ಅವಳೇ. ಕಬ್ಬು ಕಡಿಯಲು ಮನೆಮಂದಿ ಮಹಾರಾಷ್ಟ್ರಕ್ಕೆ ಗುಳೆ ಹೋದರೆ ಮಾತ್ರ ಬಾಗಿಲಿಗೆ ಬೀಗ, ಪಾಠ ಅಲ್ಲಿಗೇ ನಿಲ್ಲುತ್ತದೆ.

ಪಗಾರ ನಿಧಾನವಾಗಿ ಏರಿತು. ಶೇ. 40ರಿಂದ 75ರವರೆಗಿನ ಅಂಗವಿಕಲತೆಗೆ ಸಿಗುತ್ತಿದ್ದ 600 ರೂಪಾಯಿ 2021ರಲ್ಲಿ 800 ಆಯಿತು.

ಅವ್ವನ ದುಡಿಮೆಗೆ ಲೆಕ್ಕ ಸಿಕ್ಕಿದ್ದು ಎಲ್ಲಕ್ಕಿಂತ ಕೊನೆಗೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆ ಅಂಗವಿಕಲತೆಯ ಪಟ್ಟಿಯನ್ನು 21ಕ್ಕೆ ಬೆಳೆಸಿ, ಆರೈಕೆದಾರರ ಭತ್ಯೆಯನ್ನೂ ಹೆಸರಿಸಿತು. ರಾಜ್ಯದ 2024–25ರ ಬಜೆಟ್ಟಿನಲ್ಲಿ ಆ ಭತ್ಯೆ ತಿಂಗಳಿಗೆ 1,000 ರೂಪಾಯಿಯಾಗಿ ಕಾಣಿಸಿಕೊಂಡಿತು, ಸೆರೆಬ್ರಲ್ ಪಾಲ್ಸಿ, ಮಸ್ಕ್ಯುಲರ್ ಡಿಸ್ಟ್ರೊಫಿ, ಪಾರ್ಕಿನ್ಸನ್ಸ್, ಮಲ್ಟಿಪಲ್ ಸ್ಕ್ಲೆರೋಸಿಸ್ ಇರುವವರನ್ನು ನೋಡಿಕೊಳ್ಳುವವರಿಗೆ. ಆ ಘೋಷಣೆಯಲ್ಲಿ ಆಟಿಸಂ ಇರಲಿಲ್ಲ. ಓಡಿಹೋಗುವ ಮಗನ ಕೈಬಿಡಲಾರದೆ ಹೊಲದ ಕೂಲಿ ಬಿಟ್ಟು ಹೊಸ್ತಿಲಲ್ಲೇ ಕೂರುವ ತಾಯಿಯ ಹೆಸರು ಆ ಪಟ್ಟಿಗೂ ಸೇರಬೇಕಿತ್ತು.