ಸಿದ್ದಿ ಮಕ್ಕಳು ಮತ್ತು ಜನಾಂಗಭೇದ ವಿರೋಧಿ ಶಿಕ್ಷಣ

ಸಿದ್ದಿಗಳು ಆಫ್ರಿಕಾ ಮೂಲದ ಕನ್ನಡನಾಡಿನ ಜನ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡ, ಅಂಕೋಲಾ ತಾಲ್ಲೂಕುಗಳ ಕಾಡಂಚಿನಲ್ಲಿ ಹೆಚ್ಚಾಗಿದ್ದಾರೆ. ಧಾರವಾಡ, ಬೆಳಗಾವಿ ಜಿಲ್ಲೆಗಳಲ್ಲೂ ಇದ್ದಾರೆ. ಪೋರ್ಚುಗೀಸರು ಗೋವೆಗೆ ತಂದ ಗುಲಾಮರಲ್ಲಿ ತಪ್ಪಿಸಿಕೊಂಡು ಘಟ್ಟ ಹತ್ತಿದವರ ಸಂತತಿ ಇವರಲ್ಲಿದೆ. ಹಿಂದೂ, ಮುಸ್ಲಿಂ, ಕ್ರೈಸ್ತ ಮೂರೂ ಧರ್ಮದವರು ಉಂಟು. ಮನೆಯಲ್ಲಿ ಕೊಂಕಣಿಯನ್ನೋ ಉರ್ದುವನ್ನೋ ಆಡುವ ಮಗು ಶಾಲೆಯಲ್ಲಿ ಕನ್ನಡ ಕಲಿಯುತ್ತದೆ. ಮೈಬಣ್ಣ, ಗುಂಗುರು ಕೂದಲು ಹಿಡಿದು ಸಹಪಾಠಿಗಳು ಆಡಿಕೊಳ್ಳುವುದನ್ನು ಸಹಿಸುವುದೂ ಅಲ್ಲಿಂದಲೇ ಶುರು. ಕರ್ನಾಟಕದಲ್ಲಿ ಜನಾಂಗಭೇದ ವಿರೋಧಿ ಶಿಕ್ಷಣ ಮೊದಲು ಬೇಕಾದದ್ದು ಇಂಥ ತರಗತಿಗಳಲ್ಲಿ.

ಜನಾಂಗಭೇದ ನಿರ್ಮೂಲನೆಗಾಗಿ 1965ರಲ್ಲಿ ವಿಶ್ವಸಂಸ್ಥೆ ಅಂಗೀಕರಿಸಿದ ಒಪ್ಪಂದವನ್ನು ಭಾರತ 1968ರಲ್ಲಿ ಸ್ಥಿರೀಕರಿಸಿತು. ಪೂರ್ವಗ್ರಹವನ್ನು ಶಿಕ್ಷಣದ ಮೂಲಕ ಎದುರಿಸುವ ಹೊಣೆಯನ್ನು ಅದರ 7ನೇ ವಿಧಿ ಸರ್ಕಾರಗಳಿಗೆ ವಹಿಸುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಂ ಮಕ್ಕಳಿಗೆ ಮಾನಸಿಕ ಹಿಂಸೆ ಕೊಡುವುದನ್ನು ನಿಷೇಧಿಸಿದೆ. ಬಣ್ಣದ ಮೇಲೆ ಅಡ್ಡಹೆಸರಿಟ್ಟು ಕರೆಯುವುದನ್ನು ತುಂಟಾಟವೆಂದು ತೇಲಿಸಿಬಿಡುವುದು ಈ ಕಲಮಿನ ಆಶಯಕ್ಕೆ ವಿರುದ್ಧ.

ಇತಿಹಾಸದ ಪಾಠ ಇಲ್ಲಿ ಬಹಳ ಕೆಲಸ ಮಾಡಬಲ್ಲದು. ಇಥಿಯೋಪಿಯಾದಲ್ಲಿ ಹುಟ್ಟಿ, ಗುಲಾಮನಾಗಿ ಮಾರಾಟವಾಗಿ ಬಂದ ಮಲಿಕ್ ಅಂಬರ್ ಅಹಮದನಗರದ ನಿಜಾಮಶಾಹಿಯ ಸೂತ್ರಧಾರನಾಗಿ, 1626ರಲ್ಲಿ ಸಾಯುವವರೆಗೂ ಮೊಗಲರನ್ನು ಎದುರಿಸಿದ. ಶಾಲಾ ಪ್ರವಾಸದಲ್ಲಿ ಗೋಲಗುಮ್ಮಟ ನೋಡಿ ಪ್ರತಿಧ್ವನಿ ಕೇಳಿ ಬರುವ ಮಕ್ಕಳಿಗೆ, ಅಲ್ಲಿ ಮಲಗಿರುವ ಮುಹಮ್ಮದ್ ಆದಿಲ್‌ಶಾಹನ ಪ್ರಮುಖ ಮಂತ್ರಿ ಇಖ್ಲಾಸ್ ಖಾನ್ ಆಫ್ರಿಕಾ ಮೂಲದವನೆಂದು ಹೇಳಬೇಕು. ಸಿದ್ದಿ ಮಗುವಿನಷ್ಟೇ ಅದರ ಪಕ್ಕದಲ್ಲಿ ಕೂತ ಮಗುವಿಗೂ ಈ ಸಂಗತಿ ತಿಳಿದಿರಬೇಕು.

ಮೆಚ್ಚುಗೆಯೊಳಗೂ ಭೇದ ಅಡಗಿರಬಹುದು. 1980ರ ದಶಕದ ಕೊನೆಯಲ್ಲಿ ಭಾರತೀಯ ಕ್ರೀಡಾ ಪ್ರಾಧಿಕಾರ ಸಿದ್ದಿ ಮಕ್ಕಳನ್ನು ಆರಿಸಿ ಓಟ, ಜಿಗಿತಗಳಲ್ಲಿ ತರಬೇತಿ ಕೊಟ್ಟಿತು. ಕಮಲಾ ಸಿದ್ದಿಯಂಥ ಅಥ್ಲೀಟುಗಳು ಬೆಳಕಿಗೆ ಬಂದದ್ದು ನಿಜ. ಆದರೆ ಆಫ್ರಿಕಾ ಮೂಲದವರ ದೇಹ ಕ್ರೀಡೆಗೆ ಒಗ್ಗುತ್ತದೆಂಬ ಎಣಿಕೆಯೇ ಆ ಯೋಜನೆಯ ತಳಹದಿ. ಕೆಲವೇ ವರ್ಷಗಳಲ್ಲಿ ಅದು ನಿಂತಾಗ ನಡುದಾರಿಯಲ್ಲಿ ಉಳಿದವರು ಆ ಮಕ್ಕಳು.

ಶಾಲೆ ಮೆಚ್ಚಬೇಕಾದದ್ದು ಸಿದ್ದಿಗಳ ಕೌಶಲವನ್ನು. ಸಿದ್ದಿ ಹೆಂಗಸರು ಹಳೆ ಸೀರೆ, ಅಂಗಿಗಳ ತುಂಡು ಜೋಡಿಸಿ ಕವದಿ ಹೊಲಿಯುತ್ತಾರೆ. ಅಂಚಿನಿಂದ ನಡುವಿನತ್ತ ಹೊಲಿಗೆ ಸಾಗುತ್ತದೆ. ಬಟ್ಟೆಯನ್ನು ತ್ರಿಕೋನವಾಗಿ ಮಡಿಸಿ ಮಾಡಿದ ‘ಫುಲಾ’ ಮೂಲೆಗಳಲ್ಲಿ ಕೂಡದೆ ಕವದಿ ಮುಗಿದಂತಲ್ಲ. ಹೊಲಿಯುವ ಅಜ್ಜಿಯನ್ನೇ ಶಾಲೆಗೆ ಕರೆಸಿ ಗುರುವಿನ ಜಾಗದಲ್ಲಿ ಕೂರಿಸಿದರೆ ಮಕ್ಕಳಿಗೆ ಅದಕ್ಕಿಂತ ಒಳ್ಳೆಯ ಪಾಠ ಬೇರೆ ಸಿಗದು. ಸಿದ್ದಿಗಳನ್ನೇ ಮುಂದೆ ನಿಲ್ಲಿಸುವ ಈ ಕೆಲಸವನ್ನು ರಂಗಭೂಮಿ ಮೊದಲೇ ಮಾಡಿದೆ. ಹೆಗ್ಗೋಡಿನ ನೀನಾಸಮ್ ಬಳಗ ಮಂಚಿಕೇರಿಯಲ್ಲಿ ಸಿದ್ದಿಗಳಿಂದಲೇ ಆಫ್ರಿಕಾದ ಲೇಖಕ ಚಿನುವಾ ಅಚೆಬೆಯ ಕಾದಂಬರಿ ಆಧರಿಸಿದ ನಾಟಕ ಆಡಿಸಿತು. ಗಿರಿಜಾ ಸಿದ್ದಿ, ಪ್ರಶಾಂತ್ ಸಿದ್ದಿ ಮುಂದೆ ನೀನಾಸಮ್‌ನಲ್ಲೇ ಕಲಿತು ಕಲಾವಿದರಾದರು.